ಆನ್ ಥಿನ್ ಐಸ್ (ಫ್ರೋಜನ್ ಪ್ಲಾನೆಟ್)

ಆನ್ ಥಿನ್ ಐಸ್ ಬ್ರಿಟನ್ನಿನ ಬಿಬಿಸಿ ಸಂಸ್ಥೆಯು ನಿರ್ಮಿಸಿದ 'ಫ್ರೋಜನ್ ಪ್ಲಾನೆಟ್' ಎಂಬ ನಿಸರ್ಗ ಸಾಕ್ಷ್ಯಚಿತ್ರ ಸರಣಿಯ ಏಳನೆಯ ಹಾಗೂ ಕೊನೆಯ ಕಂತು. ಇದು ಬಿಬಿಸಿ ಒನ್ ವಾಹಿನಿಯಲ್ಲಿ 2011ರ ಡಿಸೆಂಬರ್ 7ರಂದು ಪ್ರಸಾರವಾಯಿತು. ಧ್ರುವ ಪ್ರದೇಶಗಳ ಮೇಲೆ ಹವಾಮಾನ ಬದಲಾವಣೆ ಬೀರುತ್ತಿರುವ ಪರಿಣಾಮ ಇದರ ವಸ್ತು. ಸರಣಿಯನ್ನು ಕೊಂಡ ಹಲವು ವಿದೇಶಿ ವಾಹಿನಿಗಳು ಈ ಒಂದು ಕಂತನ್ನು ಮಾತ್ರ ಕೈಬಿಟ್ಟವೆಂಬ ಸುದ್ದಿಯಿಂದ ಇದು ವಿವಾದಕ್ಕೆ ಒಳಗಾಯಿತು. ದೂರದರ್ಶನ ವಾಹಿನಿಗಳು ನಿಸರ್ಗ ಕಾರ್ಯಕ್ರಮಗಳಲ್ಲಿ ಹವಾಮಾನ ಬದಲಾವಣೆಯ ಪ್ರಸ್ತಾಪದಿಂದ ಜಾರಿಕೊಳ್ಳುವುದಕ್ಕೆ ಇದನ್ನು ಪ್ರಮುಖ ನಿದರ್ಶನವೆಂದು ಪರಿಗಣಿಸಲಾಗುತ್ತದೆ.

ಹಿನ್ನೆಲೆ

ಫ್ರೋಜನ್ ಪ್ಲಾನೆಟ್ ಸರಣಿಯನ್ನು ಬಿಬಿಸಿಯು ಅಮೆರಿಕದ ಡಿಸ್ಕವರಿ ವಾಹಿನಿ ಹಾಗೂ ಬ್ರಿಟನ್ನಿನ ಮುಕ್ತ ವಿಶ್ವವಿದ್ಯಾಲಯದ ಸಹಯೋಗದಲ್ಲಿ ನಿರ್ಮಿಸಿತು. ಅಲಸ್ಟೇರ್ ಫಾದರ್‌ಗಿಲ್ ಇದರ ಕಾರ್ಯನಿರ್ವಾಹಕ ನಿರ್ಮಾಪಕರು; ವನೆಸ್ಸಾ ಬರ್ಲೋವಿಟ್ಸ್ ಸರಣಿ ನಿರ್ಮಾಪಕಿ. ನಿರೂಪಣೆ ಡೇವಿಡ್ ಅಟೆನ್‌ಬರೋ ಅವರದು. ಮೊದಲ ಕಂತು ಎರಡೂ ಧ್ರುವಗಳನ್ನು ಪರಿಚಯಿಸಿದರೆ, ಮುಂದಿನ ನಾಲ್ಕು ಕಂತುಗಳು ಅಲ್ಲಿನ ಋತುಗಳನ್ನು, ಆರನೆಯದು ಮಾನವ ಜೀವನವನ್ನು ಚಿತ್ರಿಸುತ್ತವೆ.

ವಸ್ತು

ಏಳನೆಯ ಕಂತಿನಲ್ಲಿ ಅಟೆನ್‌ಬರೋ ಸ್ವತಃ ಉತ್ತರ ಧ್ರುವದ ಹಿಮದ ಮೇಲೆ ನಿಂತು ಕ್ಯಾಮೆರಾದ ಎದುರು ಮಾತನಾಡುತ್ತಾರೆ. ಆರ್ಕ್ಟಿಕ್ ಸಮುದ್ರದ ಹಿಮ ತೆಳುವಾಗುತ್ತಿರುವುದು, ಹಿಮಕರಡಿಗಳ ಬದುಕಿಗೆ ಒದಗಿರುವ ತೊಂದರೆ, ಗ್ರೀನ್‌ಲ್ಯಾಂಡಿನ ಹಿಮರಾಶಿಯ ಕರಗುವಿಕೆ, ಅಂಟಾರ್ಕ್ಟಿಕಾದ ಹಿಮಚಾಚುಗಳ ಕುಸಿತ ಮೊದಲಾದವುಗಳನ್ನು ಇದು ತೋರಿಸುತ್ತದೆ.

ಈ ವಿಷಯ ಧ್ರುವಗಳಿಗಷ್ಟೇ ಸೀಮಿತವಾದುದಲ್ಲ. ಬಿಳಿಯ ಹಿಮವು ಸೂರ್ಯನ ಬೆಳಕಿನ ಬಹುಪಾಲನ್ನು ಪ್ರತಿಫಲಿಸುತ್ತದೆ. ಹಿಮ ಕರಗಿ ಕಪ್ಪು ಸಮುದ್ರ ತೆರೆದುಕೊಂಡಾಗ ಅದೇ ಶಾಖವನ್ನು ನೀರು ಹೀರಿಕೊಳ್ಳುತ್ತದೆ. ಇದರಿಂದ ಕರಗುವಿಕೆಯೇ ಮತ್ತಷ್ಟು ಕರಗುವಿಕೆಗೆ ಕಾರಣವಾಗುತ್ತದೆ. ತೇಲುವ ಹಿಮ ಕರಗಿದರೆ ಸಮುದ್ರಮಟ್ಟ ಹೆಚ್ಚೇನೂ ಏರುವುದಿಲ್ಲ. ಆದರೆ ನೆಲದ ಮೇಲಿನ ಹಿಮರಾಶಿ ಕರಗಿ ಕಡಲು ಸೇರಿದರೆ ಜಗತ್ತಿನ ಎಲ್ಲ ಕರಾವಳಿಗಳಿಗೂ ಅದರ ಪರಿಣಾಮ ತಟ್ಟುತ್ತದೆ.

ಪ್ರಸಾರದ ವಿವಾದ

ಬಿಬಿಸಿಯ ವಾಣಿಜ್ಯ ಅಂಗವಾದ ಬಿಬಿಸಿ ವರ್ಲ್ಡ್‌ವೈಡ್ ಸರಣಿಯನ್ನು ವಿದೇಶಿ ವಾಹಿನಿಗಳಿಗೆ ಮಾರುವಾಗ ಮೊದಲ ಆರು ಕಂತುಗಳನ್ನು ಒಂದು ಘಟಕವಾಗಿಯೂ ಏಳನೆಯದನ್ನು ಐಚ್ಛಿಕವಾಗಿಯೂ ಒದಗಿಸಿತು. ಸರಣಿಯನ್ನು ಕೊಂಡ ಸುಮಾರು 30 ವಾಹಿನಿಗಳಲ್ಲಿ 10 ವಾಹಿನಿಗಳು ಏಳನೆಯ ಕಂತನ್ನು ಬೇಡವೆಂದವು ಎಂದು 2011ರ ನವೆಂಬರ್‌ನಲ್ಲಿ ಬ್ರಿಟಿಷ್ ಪತ್ರಿಕೆಗಳು ವರದಿ ಮಾಡಿದವು. ಈ ಕಂತಿನಲ್ಲಿ ಅಟೆನ್‌ಬರೋ ತೆರೆಯ ಮೇಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದರಿಂದ, ಅವರು ಅಷ್ಟಾಗಿ ಪರಿಚಿತರಲ್ಲದ ದೇಶಗಳ ವಾಹಿನಿಗಳಿಗೆ ಆಯ್ಕೆ ನೀಡಲಾಗಿದೆ ಎಂಬುದು ಸಂಸ್ಥೆಯ ಸಮರ್ಥನೆಯಾಗಿತ್ತು. ಸರಣಿಯ ತಿರುಳನ್ನೇ ಐಚ್ಛಿಕವಾಗಿಸುವುದು ಸರಿಯಲ್ಲವೆಂದು ಪರಿಸರವಾದಿಗಳು ಟೀಕಿಸಿದರು.

ಸಹ ನಿರ್ಮಾಪಕನಾಗಿದ್ದ ಡಿಸ್ಕವರಿ ವಾಹಿನಿಯೂ ಸಮಯದ ಹೊಂದಾಣಿಕೆಯ ಕಾರಣ ನೀಡಿ ಈ ಕಂತನ್ನು ಪ್ರಸಾರ ಮಾಡುವುದಿಲ್ಲವೆಂದು ಸುದ್ದಿಯಾಗಿತ್ತು. ಸಾರ್ವಜನಿಕರು ಸಹಿ ಸಂಗ್ರಹಿಸಿ ಇದನ್ನು ವಿರೋಧಿಸಿದರು. 2011ರ ಡಿಸೆಂಬರ್‌ನಲ್ಲಿ ಡಿಸ್ಕವರಿಯು ಏಳೂ ಕಂತುಗಳನ್ನು ಪ್ರಸಾರ ಮಾಡುವುದಾಗಿ ಪ್ರಕಟಿಸಿ, 2012ರಲ್ಲಿ ಅದರಂತೆ ನಡೆದುಕೊಂಡಿತು. ಅಮೆರಿಕದ ಆವೃತ್ತಿಯ ಇತರ ಕಂತುಗಳಿಗೆ ನಟ ಅಲೆಕ್ ಬಾಲ್ಡ್‌ವಿನ್ ದನಿ ನೀಡಿದ್ದರೂ ಕೊನೆಯ ಕಂತಿನಲ್ಲಿ ಅಟೆನ್‌ಬರೋ ಅವರನ್ನೇ ಉಳಿಸಿಕೊಳ್ಳಲಾಯಿತು.

ಕಾರಣಗಳ ಕುರಿತ ಮೌನ

ಪ್ರಸಾರದ ನಂತರ ಮತ್ತೊಂದು ಆಕ್ಷೇಪ ಕೇಳಿಬಂತು. ಹಿಮ ಕರಗುತ್ತಿರುವುದನ್ನು ತೋರಿಸಿದ ಕಾರ್ಯಕ್ರಮವು ಅದು ಏಕೆ ಕರಗುತ್ತಿದೆ ಎಂಬುದನ್ನು, ಅಂದರೆ ಪಳೆಯುಳಿಕೆ ಇಂಧನಗಳ ಬಳಕೆಯಂತಹ ಮಾನವ ಚಟುವಟಿಕೆಗಳ ಪಾತ್ರವನ್ನು ವಿವರಿಸಲಿಲ್ಲ ಎಂದು 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯ ವರದಿಯೊಂದು ಗಮನಿಸಿತು. ಕಾರಣಗಳ ಚರ್ಚೆಗೆ ಇಳಿದರೆ ವಸ್ತುನಿಷ್ಠತೆ ಕುಂದಿ, ರಾಜಕೀಯ ಉದ್ದೇಶವುಳ್ಳವರು ಅದನ್ನು ಬಳಸಿಕೊಳ್ಳುವ ಸಾಧ್ಯತೆಯಿದೆ ಎಂಬುದು ಬರ್ಲೋವಿಟ್ಸ್ ಅವರ ವಾದವಾಗಿತ್ತು. ಇತ್ತ ಬ್ರಿಟನ್ನಿನ ಮಾಜಿ ಹಣಕಾಸು ಸಚಿವ ನೈಜೆಲ್ ಲಾಸನ್ ಅವರು ಕಂತು ಅನಗತ್ಯ ಭೀತಿ ಹುಟ್ಟಿಸುತ್ತದೆಂದು ಆಕ್ಷೇಪಿಸಿದ್ದರು. ಹೀಗೆ ಒಂದೇ ಕಾರ್ಯಕ್ರಮ ಹೆಚ್ಚು ಹೇಳಿತೆಂಬ ಮತ್ತು ಕಡಿಮೆ ಹೇಳಿತೆಂಬ ಎರಡೂ ಟೀಕೆಗಳಿಗೆ ಗುರಿಯಾಯಿತು.

ನಂತರದ ಬೆಳವಣಿಗೆಗಳು

ನಿಸರ್ಗ ಸರಣಿಗಳು ಅಳಿಯುತ್ತಿರುವ ಲೋಕವನ್ನು ಅಖಂಡವೆಂಬಂತೆ ತೋರಿಸುತ್ತವೆ ಎಂದು ಲೇಖಕ ಜಾರ್ಜ್ ಮಾನ್‌ಬಿಯೋ 2018ರಲ್ಲಿ ಅಟೆನ್‌ಬರೋ ಅವರನ್ನು ಟೀಕಿಸಿದರು. 2019ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್‌ನ 'ಅವರ್ ಪ್ಲಾನೆಟ್' ಸರಣಿಯೂ ಬಿಬಿಸಿಯ 'ಕ್ಲೈಮೇಟ್ ಚೇಂಜ್: ದ ಫ್ಯಾಕ್ಟ್ಸ್' ಕಾರ್ಯಕ್ರಮವೂ ಬಂದವು, ಎರಡರಲ್ಲೂ ಅಟೆನ್‌ಬರೋ ವಿಷಯವನ್ನು ನೇರವಾಗಿ ಪ್ರಸ್ತಾಪಿಸಿದರು. 2022ರ 'ಫ್ರೋಜನ್ ಪ್ಲಾನೆಟ್ 2' ಸರಣಿಯ ಕೊನೆಯ ಕಂತು ಸಂಪೂರ್ಣವಾಗಿ ಹವಾಮಾನ ಬದಲಾವಣೆಗೆ ಮೀಸಲಾಗಿತ್ತು.