ದೇವಾಪುರದ ಬಿಡಾರದಾಗ ಬಾದಶಹನ ಕೀಲುನೋವು

ಸುರಪುರದ ಇತಿಹಾಸ ಅಂದ್ರ ಎಲ್ಲರೂ 1857–58ರ ರಾಜಾ ವೆಂಕಟಪ್ಪ ನಾಯಕರ ಕತಿ ಹೇಳ್ತಾರ. ಹೇಳಬೇಕಾದದ್ದೇ. ಇವತ್ತು ನಾನು ಅದಕ್ಕಿಂತ ಒಂದೂವರೆ ನೂರು ವರ್ಷ ಹಿಂದಿನ ಒಂದು ಬ್ಯಾಸಿಗಿ ಬಗ್ಗೆ ಬರೀತೀನಿ. ಕಾಲಿನ ಹೆಬ್ಬೆರಳು ಬಾತು ಕೆಂಪಾಗಿ, ಚಾದರದ ಅಂಚು ತಾಗಿದ್ರೂ ಚೀರೋ ಮಂದಿ ನಮ್ಮ ಊರುಗಳಾಗ ಕಾಣಾಕ ಹತ್ಯಾರ. ಅವರಿಗೂ ಈ ಕತಿಗೂ ಸಂಬಂಧ ಅದ.

1705ರ ಫೆಬ್ರುವರಿಯಲ್ಲಿ ಔರಂಗಜೇಬ ವಾಗಣಗೇರಾಕ್ಕೆ ಮುತ್ತಿಗೆ ಹಾಕಿದ. ಆಗ ಅವನ ವಯಸ್ಸು 86. ಅದಕ್ಕೂ ಮೊದಲು, 1687ರಲ್ಲೇ, ನಮ್ಮ ಶಹಾಪುರದ ಹತ್ತಿರದ ಸಗರ ಮೊಗಲರ ಕೈ ಸೇರಿತ್ತು. ಆದರೆ ಪಿಡ್ಡ ನಾಯಕ ಬಗ್ಗಿರಲಿಲ್ಲ. ಬೇಡರ ಬಂದೂಕಿನ ಗುರಿ ಮೊಗಲ್ ಸರದಾರರಿಗೆ ಚೆನ್ನಾಗಿ ಗೊತ್ತಿತ್ತು. ಎರಡೂವರೆ ತಿಂಗಳು ಒಳ್ಳೊಳ್ಳೆ ಸೇನಾಪತಿಗಳು ಗುಡ್ಡದ ಕೆಳಗೇ ಕುಂತರು. ಮರಾಠರೂ ನಾಯಕರ ಸಹಾಯಕ್ಕೆ ಬಂದ್ರು. ಕಡೀಗೆ ಏಪ್ರಿಲ್ ಕೊನೆಗೆ ಕೋಟೆ ಬಿತ್ತು. ಆದ್ರ ನಾಯಕ ಸಿಗಲಿಲ್ಲ, ರಾತ್ರಿಯೇ ಪಾರಾಗಿದ್ದ. ಬಾದಶಹನಿಗೆ ಸಿಕ್ಕಿದ್ದು ಬರೀ ಗೋಡೆ. ಅವನ ಬದುಕಿನ ಕೊನೆಯ ಮುತ್ತಿಗೆ ಅದೇ.

ಮುಗಿದ ಮೇಲೆ ಸೈನ್ಯಕ್ಕೆ ವಿಶ್ರಾಂತಿ ಬೇಕು ಅಂತ ಕೃಷ್ಣಾ ನದಿ ಕಡೆಯ ದೇವಾಪುರದಲ್ಲಿ ಬಿಡಾರ ಹೂಡಿದ. ನಮ್ಮ ಮೇ ತಿಂಗಳು ಹೆಂಗಿರತದ ನಿಮಗ ಹೇಳಬೇಕಾಗಿಲ್ಲ. ಅಲ್ಲಿ ಬಿದ್ದ. ಕೈಕಾಲು, ಕೀಲುಗಳಲ್ಲಿ ತಡಿಯಲಾರದ ನೋವು. ಮೊದಮೊದಲು ಹಲ್ಲು ಕಚ್ಚಿ ದರ್ಬಾರಿಗೆ ಬಂದು ಕೂಡುತ್ತಿದ್ದ, ಆಮೇಲೆ ಎಚ್ಚರ ತಪ್ಪತೊಡಗಿತು. ಹತ್ತು ಹನ್ನೆರಡು ದಿನ ಬಿಡಾರದ ತುಂಬ ಗಾಳಿಸುದ್ದಿ. ಬಾದಶಹ ಇಲ್ಲೇ ಸತ್ತರೆ ಈ ಗುಡ್ಡದ ನಾಡಿನಿಂದ ಒಬ್ಬರೂ ಜೀವಂತ ಹೋಗಲಾರೆವು ಅಂತ ಲಕ್ಷಗಟ್ಟಲೆ ಭೂಮಿ ಗೆದ್ದ ಸೈನ್ಯ ನಡುಗಿತು ಅಂತ ಖಾಫಿ ಖಾನನ ಬರಹದಿಂದ ತಿಳೀತದ. ಸುಧಾರಿಸಿಕೊಂಡ, ಖರೆ. ಆದರೆ ಅಕ್ಟೋಬರಿನಲ್ಲಿ ಹೊರಟಾಗ ಪಲ್ಲಕ್ಕಿಯಲ್ಲೇ ಹೊರಟ. 1706ರ ಜನವರಿಯಲ್ಲಿ ಅಹ್ಮದನಗರ ಮುಟ್ಟಿದ, 1707ರಲ್ಲಿ ಅಲ್ಲೇ ತೀರಿಕೊಂಡ.

ಅವನಿಗೆ ಇದ್ದದ್ದು ಗೌಟೇ ಅಂತ ಹಟ ಹಿಡಿಯೋದು ತಪ್ಪು. ‘ಕೈಕಾಲು ನೋವು’ ಅನ್ನೋ ಮಾತಿನ ಮ್ಯಾಲೆ ರೋಗ ಹೇಳಾಕ ಬರೂದಿಲ್ಲ. ಅವನ ಬಲಮೊಣಕಾಲಂತೂ ಬ್ಯಾರೆ ಕತಿ: 1700ರಲ್ಲಿ ಮಾಣ ನದಿಗೆ ರಾತ್ರಿ ಹೊಳಿ ಬಂದಾಗ ಗಾಬರಿಯಿಂದ ಎದ್ದು ಎಡವಿ ಕೀಲು ತಪ್ಪಿಸಿಕೊಂಡಿದ್ದ. ಸರಿಯಾಗಿ ಕೂಡಲಿಲ್ಲ, ಕುಂಟು ಉಳೀತು. ‘ಇದು ನಿಮ್ಮ ಪೂರ್ವಜ ಕುಂಟ ತೈಮೂರನ ಬಳುವಳಿ’ ಅಂತ ಹೊಗಳುಭಟ್ಟರು ಸಮಾಧಾನ ಹೇಳಿದರಂತೆ! ನೋಡ್ರಿ, ಒಬ್ಬನ ಮೈಯಾಗೇ ಏಟಿನ ನೋವು ಒಂದು, ರೋಗದ ನೋವು ಇನ್ನೊಂದು. ನಮ್ಮ ಕಡೆಯೂ ಹಂಗೇ. 2006ರ ಹೊತ್ತಿನ ಚಿಕೂನ್‌ಗುನ್ಯಾ ಕೀಲು ಹಿಡೀತು, ಕೆಲವು ಊರಾಗ ಫ್ಲೋರೈಡ್ ನೀರು ಹಿಡೀತದ, ವಯಸ್ಸಿನ ಮೊಣಕಾಲ್ನೋವು ಬ್ಯಾರೆ. ಎಲ್ಲಕ್ಕೂ ನಾವು ‘ವಾತ’ ಅಂತೀವಿ, ಎಲ್ಲಕ್ಕೂ ಒಂದೇ ಗುಳಿಗಿ ನುಂಗ್ತೀವಿ. ಇಲ್ಲೇ ಎಡವೋದು.

ಹಳೆಯವರು ಬೇರೆ ಮಾಡಿ ನೋಡಿದ್ದರು. ಆಯುರ್ವೇದದಾಗ ಇದಕ್ಕೆ ವಾತರಕ್ತ ಅಂತಾರ. ಇನ್ನೊಂದು ಹೆಸರು ಆಢ್ಯವಾತ, ಅಂದ್ರ ಸಾಹುಕಾರರ ವಾತ. ಹಕೀಮರಿಗೆ ಇದು ನಿಖ್ರಿಸ್. ಯುರೋಪಿನಲ್ಲೂ ‘ರಾಜರ ರೋಗ’ ಅಂತಲೇ ಕರೆದರು. ಚಕ್ರವರ್ತಿ ಐದನೇ ಚಾರ್ಲ್ಸ್ ಇದರಿಂದ ಜರ್ಜರಿತನಾಗಿ 1556ರ ಹೊತ್ತಿಗೆ ಸಿಂಹಾಸನ ಬಿಟ್ಟ. ಅವನ ಬೆರಳಿನ ಒಂದು ತುಂಡು ಉಳಿದಿತ್ತು, 2006ರಲ್ಲಿ ಪರೀಕ್ಷೆ ಮಾಡಿದವರಿಗೆ ಅದರೊಳಗೆ ಯೂರಿಕ್ ಆಮ್ಲದ ಹರಳು ಸಿಕ್ಕವು. ಚಾರ್ಲ್ಸ್ ಮಾಂಸ, ಬೀರು ಬಿಡದವನು. ನಮ್ಮ ಔರಂಗಜೇಬ ಹೆಂಡ ಮುಟ್ಟದವನು, ಮಿತವಾಗಿ ಉಣ್ಣುವವನು. ‘ಸಾಹುಕಾರರ ರೋಗ’ ಅನ್ನೋ ಹೆಸರು ಅರ್ಧ ಮಾತ್ರ ಖರೆ. ಮೈಕಟ್ಟು, ವಂಶ, ಮೂತ್ರಪಿಂಡ, ನೀರು ಕಮ್ಮಿ ಆಗೋದು, ಬಿಪಿಗೆ ಕೊಡೋ ಕೆಲವು ನೀರಿಳಿಸೋ ಗುಳಿಗಿ, ಇವೂ ಕಾರಣ ಆಗ್ತಾವ.

ರಕ್ತದಾಗ ಯೂರಿಕ್ ಆಮ್ಲ ಹೆಚ್ಚಾದ್ರ, ಅದು ಉಪ್ಪಿನ ಹರಳಿನಂಗ ತಣ್ಣಗಿರೋ ಕೀಲಿನಾಗ ಕೂಡತದ. ಹೆಬ್ಬೆರಳು ಅದಕ್ಕೇ ಮೊದಲು ಹಿಡಿಯೋದು. ಮೈ ಅದನ್ನ ವೈರಿ ಅಂತ ತಿಳಿದು ಮ್ಯಾಲೆ ಬೀಳತದ. ಹಿಂಗಾಗಿ ರಾತ್ರೋರಾತ್ರಿ ಬಾವು, ಬೆಂಕಿ.

ಔಷಧದ ಕತಿಯೂ ಹಳೇದು. ಹಕೀಮರ ಸುರಂಜಾನ್ ಗಡ್ಡೆ ನೂರಾರು ವರ್ಷದಿಂದ ಇದಕ್ಕೇ ಬಳಕೆಯಲ್ಲಿದೆ. ಅದೇ ಜಾತಿಯ ಗಿಡದಿಂದ 1820ರಲ್ಲಿ ಕೋಲ್ಚಿಸಿನ್ ಬೇರ್ಪಡಿಸಿದರು. ಇವತ್ತಿಗೂ ಡಾಕ್ಟರ್ ಅರ್ಧ ಮಿಲಿಗ್ರಾಮಿನ ಗುಳಿಗಿ ಬರೀತಾರ. ಅಳತೆ ಮೀರಿದ್ರ ಅದು ವಿಷ, ಅದಕ್ಕೆ ಪುಡಿ ಪೊಟ್ಟಣವನ್ನ ಅಂದಾಜಿನ ಮ್ಯಾಲೆ ತಗೊಳ್ಳಬ್ಯಾಡ್ರಿ. 1960ರ ದಶಕದಾಗ ಅಲೋಪ್ಯೂರಿನಾಲ್ ಬಂತು. ಅದು ನೋವಿನ ಗುಳಿಗಿ ಅಲ್ಲ, ಯೂರಿಕ್ ಆಮ್ಲ ಹುಟ್ಟೋದನ್ನೇ ಕಡಿಮೆ ಮಾಡೋದು. ಶುರು ಮಾಡಿದ ಮೊದಲ ಕೆಲವು ತಿಂಗಳು ನೋವು ಮತ್ತೆ ಮತ್ತೆ ಬರಬಹುದು. ಬಹಳ ಮಂದಿ ಅಲ್ಲೇ ‘ಗುಳಿಗಿ ಆಗಿ ಬರಲಿಲ್ಲ’ ಅಂತ ಬಿಡ್ತಾರ. ಬಿಡಬಾರದು, ಯೂರಿಕ್ ಆಮ್ಲ 6ರ ಕೆಳಗೆ ನಿಲ್ಲಬೇಕು. ಆದ್ರ ಮೈಮ್ಯಾಲೆ ಗಂದೆ ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ಡಾಕ್ಟರ್ ಹತ್ರ ಹೋಗ್ರಿ.

ಇನ್ನು ನಮ್ಮ ಪ್ರೀತಿಯ ಡೈಕ್ಲೊಫೆನಾಕ್. ರಣಹದ್ದು ಎಲ್ಲಿ ಹೋದ್ವು ಅಂತ ಹಿರಿಯರು ಕೇಳ್ತಾರಲ್ಲ? ಈ ಸೂಜಿ ಹಾಕಿಸಿಕೊಂಡು ಸತ್ತ ದನದ ಮಾಂಸ ತಿಂದು ಅವುಗಳ ಮೂತ್ರಪಿಂಡ ಕೆಟ್ಟವು, ಕರುಳು ಗುಂಡಿಗೆ ಮ್ಯಾಲೆಲ್ಲ ಸುಣ್ಣ ಬಳಿದಂಗ ಯೂರಿಕ್ ಆಮ್ಲ ಕೂತಿತು. ಗೌಟಿನಿಂದಲೇ ಸತ್ತವು ಅನ್ನಬಹುದು. 2006ರಲ್ಲಿ ಸರಕಾರ ದನಗಳಿಗೆ ಅದನ್ನ ನಿಷೇಧಿಸಿತು. ಮನುಷ್ಯ ಹದ್ದಲ್ಲ, ಡಾಕ್ಟರ್ ಹೇಳಿದಷ್ಟು ದಿನ ತಗೊಂಡ್ರ ಉಪಯೋಗ ಅದ. ಆದ್ರ ಬಿಸಿಲಾಗ ಹತ್ತಿ ಬಿಡಿಸಿ, ನೀರು ಕುಡೀದ, ಅಂಗಡಿಯಿಂದ ತಿಂಗಳುಗಟ್ಟಲೆ ನುಂಗಿದ್ರ ನಮ್ಮ ಮೂತ್ರಪಿಂಡಕ್ಕೂ ಹೊಡೆತ.

ಎಲ್ಲರೂ ಕೇಳೋ ಪ್ರಶ್ನೆ: ತೊಗರಿಬ್ಯಾಳಿ ಬಿಡಬೇಕೇನ್ರಿ? ನನ್ನ ತಿಳಿವಳಿಕೆಗೆ ಬ್ಯಾಡ. ಕಾಳುಬ್ಯಾಳಿಯಿಂದ ಗೌಟ್ ಏರೂದಿಲ್ಲ ಅಂತಲೇ ಈಗಿನ ಅಧ್ಯಯನಗಳು ತೋರಿಸ್ಯಾವ. ಕಡಿಮೆ ಮಾಡಬೇಕಾದದ್ದು ಬೀರು, ದಾರು, ಖಲೀಜಾ ಬೋಟಿ, ಬಾಟಲಿ ಸಿಹಿ ಪಾನೀಯ. ನೋವಿನ ದಿನ ಕಾಲು ಎತ್ತರಕ್ಕಿಟ್ಟು ಬಟ್ಟೆ ಸುತ್ತಿದ ಐಸ್ ಇಡ್ರಿ, ತಿಕ್ಕಬ್ಯಾಡ್ರಿ. ಅವತ್ತೇ ರಕ್ತ ತೋರಿಸಿದ್ರ ಯೂರಿಕ್ ಆಮ್ಲ ಸರಿ ಅಂತ ಬರಬಹುದು, ನೋವು ಇಳಿದು ಎರಡು ವಾರದ ಮ್ಯಾಲೆ ಮತ್ತೊಮ್ಮೆ ತೋರಿಸ್ರಿ. ಬಿಪಿ ಗುಳಿಗಿ ನೀವೇ ನಿಲ್ಲಿಸಬ್ಯಾಡ್ರಿ, ಬದಲಿ ಅದಾವೇನು ಅಂತ ಕೇಳ್ರಿ. ಕೀಲು ಕೆಂಪಾಗಿ ಸಂಗಡ ಚಳಿಜ್ವರ ಬಂದ್ರ ಅದು ಕೀವು ಇರಬಹುದು. ನಾಳೆ ಅನ್ನದ ಅದೇ ದಿನ ಯಾದಗಿರಿಗೋ ಕಲಬುರಗಿಗೋ ಗಾಡಿ ಮಾಡ್ರಿ.