ಕಣಜದ ಇಲಿ, ಹಿಟ್ಟಿನ ಹುಳು, ಮಗುವಿನ ಹೊಟ್ಟೆ



ಇಲಿ ಎಂದೊಡನೆ ನಾವು ಲೆಕ್ಕ ಹಾಕುವುದು ನಷ್ಟವನ್ನು. ತೆನೆ ಕಡಿಯಿತು, ಚೀಲ ಹರಿಯಿತು, ಬದುವಿನಲ್ಲಿ ಬಿಲ ತೋಡಿ ನೀರು ಸೋರಿಸಿತು, ಅಲ್ಲವೇ? ಆದರೆ ಇಲಿ ತಿಂದು ಹೋದದ್ದಕ್ಕಿಂತ ಬಿಟ್ಟು ಹೋದದ್ದನ್ನು ಹೆಚ್ಚಾಗಿ ಗಮನಿಸಬೇಕು. ಇದು ಜನಕ್ಕೆ ತಿಳಿಯಲು ಬಹುಕಾಲ ಹಿಡಿಯಿತು. ಆ ಕಥೆಯನ್ನು ಇಲ್ಲಿ ಹೇಳಿದೆ.

ಇಲಿಯ ಕರುಳಿನಲ್ಲಿ ಲಾಡಿಯಂಥ ಒಂದು ಹುಳು ಉಂಟು. 1819ರಲ್ಲೇ ರುಡಾಲ್ಫಿ ಎಂಬ ವಿದ್ವಾಂಸರು ಇದನ್ನು ವರ್ಣಿಸಿದ್ದರು. ಆಗ ಅದು ಇಲಿಯ ಹುಳು ಮಾತ್ರ. ಮನುಷ್ಯನಿಗೂ ಅದಕ್ಕೂ ಸಂಬಂಧವಿದೆಯೆಂದು ಯಾರೂ ಎಣಿಸಿರಲಿಲ್ಲ. 1842ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಹತ್ತೊಂಬತ್ತು ತಿಂಗಳ ಒಂದು ಮಗುವಿನಿಂದ ಲಾಡಿಹುಳುಗಳು ಹೊರಬಿದ್ದವು. ವೈದ್ಯರು ಅವನ್ನು ತೆಗೆದಿಟ್ಟರು. ಹದಿನಾರು ವರ್ಷಗಳ ತರುವಾಯ, 1858ರಲ್ಲಿ, ವೈನ್‌ಲ್ಯಾಂಡ್ ಎಂಬವರು ಅವನ್ನು ಪರೀಕ್ಷಿಸಿ, ಹೊಸ ಜಾತಿಯೆಂದು ಬಗೆದು ಬೇರೆ ಹೆಸರಿಟ್ಟರು. ಅದು ಇಲಿಯ ಹುಳುವೇ ಎಂದು ಗೊತ್ತಾದದ್ದು ಆಮೇಲೆ.

ಸರಿ, ಇಲಿಯ ಹುಳು ಮಗುವಿನ ಹೊಟ್ಟೆ ಸೇರಿದ್ದು ಹೇಗೆ? ಉತ್ತರ ಸಿಕ್ಕಿದ್ದು ಇಟಲಿಯಲ್ಲಿ. ಗ್ರಾಸ್ಸಿ ಮತ್ತು ರೊವೆಲ್ಲಿ ಎಂಬವರು ಇಲಿಯನ್ನು ಬಿಟ್ಟು ಇಲಿಯ ಸುತ್ತಲಿನ ಕೀಟಗಳನ್ನು ಹುಡುಕತೊಡಗಿದರು. 1892ರ ಹೊತ್ತಿಗೆ ವಿಷಯ ಸ್ಪಷ್ಟವಾಯಿತು. ಹುಳುವಿನ ಮೊಟ್ಟೆಗಳು ಇಲಿಯ ಹಿಕ್ಕೆಯಲ್ಲಿ ಬೀಳುತ್ತವೆ. ಹಿಟ್ಟಿನ ಪತಂಗದ ಮರಿ, ದುಂಬಿ, ಇಂಥವು ಆ ಹಿಕ್ಕೆಯನ್ನು ತಿನ್ನುತ್ತವೆ. ಮೊಟ್ಟೆಯೊಡೆದು ಮರಿಹುಳು ಕೀಟದ ಮೈಯೊಳಗೆ ಚೀಲ ಕಟ್ಟಿಕೊಂಡು ಕೂರುತ್ತದೆ. ಆ ಕೀಟವನ್ನು ಇಲಿ ತಿಂದರೆ ಇಲಿಗೆ, ಮನುಷ್ಯ ತಿಂದರೆ ಮನುಷ್ಯನಿಗೆ ಲಾಡಿಹುಳು.

ಅದೇ ಗ್ರಾಸ್ಸಿಯವರ ಜೊತೆಗಾರ ಕಲಂಡ್ರುಚ್ಚಿಯೋ ಎಂಬವರ ಧೈರ್ಯವನ್ನು ಕೇಳಿ. ಇಲಿಯ ಕರುಳಿನಲ್ಲಿ ಮುಳ್ಳುಮೂತಿಯ ಮತ್ತೊಂದು ಹುಳು ಇರುತ್ತದೆ. ಅದರ ಮರಿಗಳನ್ನು ಆತ ತಾವೇ ನುಂಗಿಬಿಟ್ಟರು! ಹೊಟ್ಟೆನೋವಿನಿಂದ ನರಳಿದರು, ಇಲಿಯ ಆ ಹುಳು ಮನುಷ್ಯನಲ್ಲೂ ಬೆಳೆಯಬಲ್ಲದೆಂದು 1888ರಲ್ಲಿ ಲೋಕಕ್ಕೆ ತಿಳಿಯಿತು.

ಇನ್ನು, 1851ರಲ್ಲಿ ಬಿಲ್‌ಹಾರ್ಜ್ ಎಂಬ ವೈದ್ಯರು ಈಜಿಪ್ಟಿನ ಕೈರೋದಲ್ಲಿ ಒಬ್ಬ ಹುಡುಗನ ಕರುಳಿನಲ್ಲಿ ಕಂಡ ಕುಳ್ಳ ಲಾಡಿಹುಳುವೂ ಇದರ ದಾಯಾದಿಯೇ. ಇಲಿಗಳಲ್ಲೂ ಇರುವ ಈ ಹುಳುವಿಗೆ ಕೀಟದ ಹಂಗಿಲ್ಲ. ಕೊಳೆ ಕೈಯಿಂದ ಬಾಯಿಗೆ, ಒಂದು ಮಗುವಿನಿಂದ ಇನ್ನೊಂದು ಮಗುವಿಗೆ ನೇರವಾಗಿ ದಾಟುತ್ತದೆ.

ಈ ಹಳೇ ಸಂಗತಿ ನಮಗ್ಯಾಕೆ ಅಂತೀರಾ? ಆ ಉದ್ದನೆಯ ಲಾಡಿಹುಳು ನಮ್ಮ ದೇಶದ ಇಲಿ, ಹೆಗ್ಗಣಗಳಲ್ಲೂ ಉಂಟು. ಮನುಷ್ಯರಲ್ಲಿ ಅದು ಅಪರೂಪ, ನಿಜ. ಆದರೆ ಸಿಕ್ಕಿಬೀಳುವವರಲ್ಲಿ ಮಕ್ಕಳೇ ಹೆಚ್ಚು. ಬೇಯಿಸಿದ ಮುದ್ದೆ, ರೊಟ್ಟಿಯಲ್ಲಿ ಭಯವಿಲ್ಲ. ಬೆಂಕಿಗೆ ಮರಿಹುಳು ಸಾಯುತ್ತದೆ. ಹುರಿಹಿಟ್ಟಿನ ಮಾತು ಬೇರೆ. ಹುರಿದದ್ದು ಎಂದೋ, ಡಬ್ಬಕ್ಕೆ ಹುಳ ಬಿದ್ದದ್ದು ಆಮೇಲೆ. ಬೆಲ್ಲ ಕಲಸಿ ಹಾಗೆಯೇ ಮಗುವಿನ ಕೈಗಿಟ್ಟರೆ ಒಳಗಿನ ದುಂಬಿ ಯಾರ ಕಣ್ಣಿಗೆ ಬೀಳುತ್ತದೆ?

ಇಲಿ ಹೊಡೆದರೆ ಸಾಕೆಂದು ಸುಮ್ಮನಾಗಬೇಡಿ. ಇಲಿ ಸತ್ತ ಮೇಲೂ ಅದರ ಹಿಕ್ಕೆ ತಿಂದ ದುಂಬಿ ಹಿಟ್ಟಿನಲ್ಲಿ ಬದುಕಿರುತ್ತದೆ. ಆದಕಾರಣ ಕೆಲಸ ಎರಡೂ ಕಡೆ ಆಗಬೇಕು. ಕಾಳನ್ನು ಚೆನ್ನಾಗಿ ಒಣಗಿಸಿ, ಬಿಗಿಮುಚ್ಚಳದ ತಗಡಿನ ಕಣಜದಲ್ಲಿ ತುಂಬಿ. ಕಣಜ ಕಂಬದ ಮೇಲಿದ್ದರೆ ಇಲಿ ಹತ್ತದಂತೆ ಕಂಬಕ್ಕೆ ತಗಡಿನ ಗೊರಬು ಕಟ್ಟಿ. ಚೆಲ್ಲಿದ ಕಾಳು, ಹಿಕ್ಕೆಗಳನ್ನು ಅಂದಂದೇ ಗುಡಿಸಿ ದೂರ ಹೂಳಿ. ಹಿಟ್ಟನ್ನು ಸ್ವಲ್ಪ ಸ್ವಲ್ಪವೇ ಬೀಸಿಸಿ, ಜರಡಿ ಹಿಡಿದು ಬಳಸಿ. ಹುಳ ಬಿದ್ದ ಹುರಿಹಿಟ್ಟನ್ನು ಮಗುವಿಗೆ ಕೊಡಲೇಬೇಡಿ. ಉಣ್ಣುವ ಮುಂಚೆ ಮಕ್ಕಳ ಕೈ ತೊಳೆಸಿ.

ಮಗುವಿಗೆ ಪದೇ ಪದೇ ಹೊಟ್ಟೆನೋವು, ಭೇದಿ, ಊಟ ಸೇರದಿರುವುದು ಕಂಡರೆ ಮಲ ಪರೀಕ್ಷೆ ಮಾಡಿಸಿ. ಎಲ್ಲ ಹುಳಕ್ಕೂ ಒಂದೇ ಮಾತ್ರೆಯಲ್ಲ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಎಂಬ ಮದ್ದಿದೆ. ಅದನ್ನು ವೈದ್ಯರೇ ಅಳತೆ ನೋಡಿ ಕೊಡತಕ್ಕದ್ದು.

ಬಾಸ್ಟನ್ನಿನ ಆ ಮಗುವಿನ ಕಾಲದಲ್ಲಿ ಕಾರಣ ಯಾರಿಗೂ ಗೊತ್ತಿರಲಿಲ್ಲ. ನಮಗೆ ಗೊತ್ತಿದೆ. ನಾಳೆ ಹಿಟ್ಟಿನ ಡಬ್ಬ ತೆಗೆದಾಗ ಒಮ್ಮೆ ಬೆಳಕಿಗೆ ಹಿಡಿದು ನೋಡಿ.