ಗಟ್ಟಿ ಅರ್ಹತೆ, ಸಡಿಲ ಹುದ್ದೆ

ಸೇಡಂ ಇಲ್ಲವೇ ಚಿಂಚೋಳಿ ಕಡೆಯ ಕಿವುಡ ಮಗು ಓದಬೇಕಿದ್ದರೆ ಹಿಂದೆಲ್ಲ ಕಲಬುರಗಿಯ ಸರ್ಕಾರಿ ಕಿವುಡ ಮಕ್ಕಳ ಶಾಲೆಯೇ ಗತಿ. ಕಣ್ಣು ಕಾಣದ ಮಗುವಿಗೂ ಅದೇ ಊರಿನ ಅಂಧ ಮಕ್ಕಳ ಶಾಲೆ. ಕಲಿಯಬೇಕೆಂದರೆ ಮನೆ ಬಿಡಬೇಕು. ಬುದ್ಧಿ ಬೆಳವಣಿಗೆ ನಿಧಾನವಾದ ಮಗುವಿಗಂತೂ ಮನೆಯ ಕಟ್ಟೆಯೇ ಶಾಲೆ. ಈಗ ಲೆಕ್ಕ ತಿರುಗಿದೆ: ಮಗು ಊರಲ್ಲೇ ಇರುತ್ತದೆ, ಶಿಕ್ಷಕರು ಹುಡುಕಿಕೊಂಡು ಹೋಗಬೇಕು.

ಈ ತಿರುವಿನ ಮೊದಲ ಮೆಟ್ಟಿಲು 1974ರ ಕೇಂದ್ರ ಯೋಜನೆ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸಲು ಅದು ಹಣ ಕೊಟ್ಟಿತು. ಅವರಿಗೆ ಕಲಿಸುವವರು ಏನು ಓದಿರಬೇಕು ಎಂಬುದಕ್ಕೆ ಕಾನೂನು ಬಂದದ್ದು 1992ರ ಭಾರತೀಯ ಪುನರ್ವಸತಿ ಪರಿಷತ್ ಕಾಯ್ದೆಯಿಂದ. ಪರಿಷತ್ತು ಮಾನ್ಯ ಮಾಡಿದ ವಿಶೇಷ ಡಿ.ಎಡ್. ಅಥವಾ ವಿಶೇಷ ಬಿ.ಎಡ್. ಮುಗಿಸಿ, ಅದರ ನೋಂದಣಿ ಪಡೆದವರೇ ವಿಶೇಷ ಶಿಕ್ಷಕರು. ಐದು ವರ್ಷಕ್ಕೊಮ್ಮೆ, ಮರುತರಬೇತಿ ಪಡೆದು, ನೋಂದಣಿ ನವೀಕರಿಸಿಕೊಳ್ಳಬೇಕು. 2015ರಿಂದ ಬಿ.ಎಡ್. ಕೂಡ ಎರಡು ವರ್ಷದ್ದಾಯಿತು.

ಅಷ್ಟರಲ್ಲಿ ಕೆಲಸದ ಹರವೂ ಹಿಗ್ಗಿತು. 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯ ಗುರುತಿಸಿದ್ದರೆ, 2016ರ ಕಾಯ್ದೆ ಆಟಿಸಂ, ಕಲಿಕಾ ನ್ಯೂನತೆ ಸೇರಿಸಿ 21 ಎಣಿಸಿತು. ಪದವಿ ಮಾತ್ರ ಬಹುಮಟ್ಟಿಗೆ ಒಂದೊಂದೇ ನ್ಯೂನತೆಯದು. ಶ್ರವಣದೋಷದಲ್ಲಿ ಪಳಗಿದವರ ಮುಂದೆ ಬ್ರೈಲ್ ಬೇಕಾದ ಮಗುವೂ ಕೂತಿರುತ್ತದೆ, ಮಿದುಳಿನ ಪಾರ್ಶ್ವವಾಯುವಿನ ಮಗುವೂ ಕೂತಿರುತ್ತದೆ.

ಸರ್ವ ಶಿಕ್ಷಣ ಅಭಿಯಾನದ ಕಾಲದಲ್ಲಿ ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ (ಬಿಆರ್‌ಸಿ) ‘ಬಿಐಇಆರ್‌ಟಿ’ ಎಂಬ ಹೊಸ ಹೆಸರಿನ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು ಬಂದರು. 2018ರ ನಂತರ ಅದೇ ವ್ಯವಸ್ಥೆ ಸಮಗ್ರ ಶಿಕ್ಷಣದಡಿ ಮುಂದುವರಿದಿದೆ. ಮಕ್ಕಳ ಸಮೀಕ್ಷೆ, ತಪಾಸಣಾ ಶಿಬಿರ, ಸಾಧನ ಸಲಕರಣೆ ವಿತರಣೆ, ಶಾಲೆಗೆ ಬರಲಾಗದವರಿಗೆ ಗೃಹಾಧಾರಿತ ಶಿಕ್ಷಣ, ಇವೆಲ್ಲ ಅವರ ಹೆಗಲಿಗೆ. ಪಾಠಕ್ಕಿಂತ ಪಟ್ಟಿಯ ಕೆಲಸವೇ ಹೆಚ್ಚಾಗುವುದು ಇಲ್ಲಿಯೇ.

ಈ ನೆಲದಲ್ಲಿ ತಿರುಗಾಟವೇ ಅರ್ಧ ಕೆಲಸ. ಚಿಂಚೋಳಿಯ ತಾಂಡಾಗಳು ತೆಲಂಗಾಣದ ಗಡಿಯ ಕಾಡಂಚಿನವರೆಗೆ ಚೆದುರಿವೆ. ವಾಡಿಯ ಸಿಮೆಂಟ್ ಕಾರ್ಖಾನೆ, ಶಹಾಬಾದಿನ ಕಲ್ಲುಗಣಿಗಳ ಸುತ್ತಲಿನ ದುಡಿಯುವ ಮನೆಗಳಲ್ಲಿ ಹಗಲು ತಂದೆತಾಯಿ ಸಿಗುವುದೇ ಕಷ್ಟ. ಮನೆಮಾತು ಲಂಬಾಣಿ, ದಖ್ಖನಿ ಉರ್ದು ಅಥವಾ ತೆಲುಗು ಇರಬಹುದು. ಮಾತು ಕಲಿಸಬೇಕಾದವರು ಮೊದಲು ಅದನ್ನೇ ಕಲಿಯಬೇಕು. ತೊಗರಿ ರಾಶಿಯಾದ ಮೇಲೆ ಮನೆಮಂದಿ ಗುಳೆ ಹೊರಟರೆ, ತಿಂಗಳುಗಟ್ಟಲೆ ಮಾಡಿಸಿದ ಅಭ್ಯಾಸವೂ ಅವರ ಗಂಟುಮೂಟೆಯ ಜೊತೆ ಹೋಗುತ್ತದೆ.

ಸ್ವಯಂಸೇವಾ ಸಂಸ್ಥೆಗಳ ವಿಶೇಷ ಶಾಲೆಗಳ ಕಷ್ಟ ಬೇರೆ. ಶಿಶುಕೇಂದ್ರಿತ ಯೋಜನೆಯಲ್ಲಿ ಅನುದಾನ ಬರುವುದು ಮಕ್ಕಳ ತಲೆ ಎಣಿಸಿ. ಮಗು ಗುಳೆ ಹೋದರೆ ಸಂಸ್ಥೆಯ ಅನುದಾನ ಇಳಿಯುತ್ತದೆ, ಶಿಕ್ಷಕರ ಸಂಬಳಕ್ಕೂ ಕತ್ತರಿ ಬೀಳುವ ಭಯ. ಸಂವಿಧಾನದ 371 ಜೆ ವಿಧಿ ಈ ಭಾಗದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಕೊಟ್ಟಿದೆ ನಿಜ. ಆದರೆ ಮಂಜೂರೇ ಆಗದ ಹುದ್ದೆಯಲ್ಲಿ ಪಾಲು ಎಲ್ಲಿಯದು?

ಸುಪ್ರೀಂ ಕೋರ್ಟ್ ಕೈಹಾಕಿದ್ದು ಇದೇ ಗಂಟಿಗೆ. 2021ರ ಅಕ್ಟೋಬರ್ 28ರಂದು, ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ, ಎಷ್ಟು ಮಕ್ಕಳಿಗೊಬ್ಬರು ವಿಶೇಷ ಶಿಕ್ಷಕರು ಬೇಕೆಂದು ಗೊತ್ತುಮಾಡುವಂತೆ ಕೇಂದ್ರಕ್ಕೆ ಹೇಳಿತು. ಆಮೇಲೆ ಕೇಂದ್ರ, ಪ್ರಾಥಮಿಕ ಹಂತದಲ್ಲಿ 10 ಮಕ್ಕಳಿಗೊಬ್ಬರು, ಅದರ ಮೇಲಿನ ಹಂತದಲ್ಲಿ 15ಕ್ಕೊಬ್ಬರು ಎಂದು ಗೊತ್ತುಮಾಡಿತು. 2025ರ ಮಾರ್ಚ್ 7ರಂದು ಕೋರ್ಟ್, ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸುವಂತೆಯೂ ಗುತ್ತಿಗೆಯಲ್ಲಿ ದುಡಿಯುತ್ತಿರುವ ಅರ್ಹರನ್ನು ಪರಿಶೀಲನಾ ಸಮಿತಿ ಮುಂದೆ ತರುವಂತೆಯೂ ರಾಜ್ಯಗಳಿಗೆ ಸೂಚಿಸಿತು.

ಐವತ್ತು ವರ್ಷದಲ್ಲಿ ಶಿಕ್ಷಕರ ಅರ್ಹತೆ ಗಟ್ಟಿಯಾಯಿತು, ಹುದ್ದೆ ಗಟ್ಟಿಯಾಗಲಿಲ್ಲ. ನೋಂದಣಿ ಐದು ವರ್ಷದ್ದು, ಗುತ್ತಿಗೆ ಮುಂದಿನ ಆದೇಶದವರೆಗಿನದು. ಈಗ ಬೇಕಾದ್ದು ದೊಡ್ಡ ಲೆಕ್ಕವೂ ಅಲ್ಲ. ತಾಲ್ಲೂಕಿನ ಸಮೀಕ್ಷೆಯಲ್ಲಿ ಪ್ರಾಥಮಿಕ ಹಂತದ ನೂರು ಮಕ್ಕಳಿದ್ದರೆ ಹತ್ತು ಹುದ್ದೆ. ಮಕ್ಕಳ ಪಟ್ಟಿ ಬಿಆರ್‌ಸಿಯಲ್ಲೇ ಇದೆ. ಶಿಕ್ಷಕರೇ ಮನೆ ಮನೆ ತಿರುಗಿ ಬರೆದದ್ದು. ಅದನ್ನು ಹತ್ತರಿಂದ ಭಾಗಿಸುವವರು ಬೇಕು.